ಬಸ್ಸಿನಲ್ಲಿ ಹಾರಿದ ಬಾವಲಿಯ ವರ್ಣತಂತುಗಳು

ಹೆಮ್ಮಿಗೆಯ ಬಾಳೆತೋಟದ ಹಣ್ಣುಬಾವಲಿಗಳ ವರ್ಣತಂತುಗಳೇ ನನ್ನ ಪಿಎಚ್.ಡಿ. ವಿಷಯ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವುಗಳ ಮೈಮೇಲೆ ಪಟ್ಟೆಗಳು ಕಾಣುತ್ತವೆ. ಒಂದೇ ಬಗೆಯ ಪಟ್ಟೆಯಿರುವ ಎರಡು ಒಂದು ಜೋಡಿ. ಈಗ ಜೋಡಿಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ನನ್ನ ಗೈಡ್ ಮಾತ್ರ ಅದನ್ನು ನಂಬುವವರಲ್ಲ. ಫೋಟೊ ಕತ್ತರಿಸಿ, ಕೈಯಾರೆ ಜೋಡಿಸಿ, ಭಾನುವಾರ ನಂಜನಗೂಡಿನ ತಮ್ಮ ಮನೆಗೆ ತಾ ಎಂದಿದ್ದರು.

ಅರ್ಧ ಕೆಲಸ ಬಾಕಿಯಿತ್ತು. ನರಸೀಪುರದಲ್ಲಿ ಬಸ್ಸು ಹತ್ತಿದವಳೇ ತೊಡೆಯ ಮೇಲೆ ಫೈಲಿಟ್ಟು ಚೂರುಗಳನ್ನು ಹರಡಿದೆ. ಮುಂದಿನ ಸೀಟಿನವರು ಕಿಟಕಿ ಸರಿಸಿದರು. ಒಂದೇ ಗಾಳಿಗೆ ಎಲ್ಲ ಹಾರಿಹೋಯಿತು.

"ಅಯ್ಯೋ, ನನ್ನ ಬಾವಲಿ!" ಎಂದು ಕೂಗಿಬಿಟ್ಟೆ.

ಕಂಡಕ್ಟರ್ ಸೀಟಿ ಊದಿದರು. "ಯಾರೂ ಅಲ್ಲಾಡ್ಬೇಡಿ, ಬಸ್ಸೊಳ್ಗೆ ಬಾವಲಿ ನುಗ್ಬುಟ್ಟದೆ!"

ಹೆಂಗಸರು ಸೆರಗು ಹೊದ್ದರು, ಗಂಡಸರು ಕಾಲೆತ್ತಿ ಸೀಟಿನ ಮೇಲೆ ಕುಳಿತರು. ಅದು ಬರೀ ಕಾಗದದ ಚೂರು ಎಂದು ಎದ್ದು ನಿಂತು ಕೂಗಿ ಹೇಳಿದೆ. ಆಮೇಲೆ ಇಡೀ ಬಸ್ಸೇ ಬಗ್ಗಿ ಹುಡುಕಿತು. ಒಂದು ಚೂರು ಡ್ರೈವರ್ ಕಾಲರಿನಲ್ಲಿತ್ತು.

ಚೂರುಗಳೆಲ್ಲ ಸಿಕ್ಕವು, ಜೋಡಿಗಳು ಕಲಸಿಹೋಗಿದ್ದವು. ಪಕ್ಕದಲ್ಲಿ ಬಟ್ಟೆಗಂಟು ಹಿಡಿದು ಕುಳಿತಿದ್ದ ಹೆಂಗಸು ನನ್ನ ಮುಖ ನೋಡಿದರು. ಅವರು ನಂಜನಗೂಡು ಬಸ್ ಸ್ಟ್ಯಾಂಡಿನ ಹತ್ತಿರ ಸೀರೆಗೆ ಹೊಂದುವ ಬ್ಲೌಸ್ ಪೀಸ್ ಮಾರುವವರು.

"ಇಲ್ಲಿ ಕೊಡವ್ವ. ಪಟ್ಟೆಗೆ ಪಟ್ಟೆ ಒಂದುಸ್ಬೇಕು, ಅಷ್ಟೇ ತಾನೆ?"

ಗಂಟಿನ ಮೇಲೆ ಚೂರುಗಳನ್ನಿಟ್ಟು ಸರಸರನೆ ಜೋಡಿಸತೊಡಗಿದರು. ನಾನು ಮನೆಯಲ್ಲೇ ಅಂಟಿಸಿದ್ದ ಒಂದು ಜೋಡಿಯ ಮೇಲೂ ಬೆರಳಿಟ್ಟರು. "ಇದು ತಪ್ಪು ಕಣವ್ವ. ಇದ್ರ ಪಟ್ಟೆ ಮೇಲ್ಗಡೆ ದಪ್ಪ. ಇಂಗ್ ಕೊಟ್ರೆ ಗಿರಾಕಿ ವಾಪಸ್ ಬತ್ತಾಳೆ."

ನೋಡಿದೆ. ತಪ್ಪೇ. ಮೂರು ದಿನ ನೋಡಿದರೂ ನನಗೆ ಕಂಡಿರಲಿಲ್ಲ.

ಕೊನೆಗೆ ಉದ್ದದ್ದೊಂದು, ಗಿಡ್ಡದ್ದೊಂದು ಉಳಿದವು. "ಇವು ಬ್ಯಾರೆಬ್ಯಾರೆ ಸೀರೇವು," ಎಂದರು.

"ಅವೆರಡೂ ಜೋಡೀನೇ ಅಮ್ಮ. ಗಂಡು ಬಾವಲಿಗೆ ಹಾಗೇ ಇರುತ್ತೆ."

"ಗಂಡುಸ್ರಲ್ವಾ!" ಎಂದು ಆ ಹೆಂಗಸು ನಕ್ಕರು. ಕಂಡಕ್ಟರ್ ಮುಖ ತಿರುಗಿಸಿ ರೈಟ್ ಹೇಳಿದರು.

ಮನೆಯಲ್ಲಿ ಗೈಡ್ ಮಸೂರ ಹಿಡಿದು ಬಹಳ ಹೊತ್ತು ನೋಡಿದರು. "ಇದು ನೀನು ಮಾಡಿದ್ದಲ್ಲ," ಎಂದರು. ನಡೆದದ್ದನ್ನು ಹೇಳಿದೆ. ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಉಳಿದ ಬಾವಲಿಗಳ ಫೋಟೊಗಳನ್ನೆಲ್ಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು. ವ್ಯಾಪಾರದ ನಡುನಡುವೆ ಆ ತಾಯಿ ಇನ್ನೂ ಮೂರು ಬಾವಲಿಗಳನ್ನು ಜೋಡಿಸಿಕೊಟ್ಟರು. ಅಷ್ಟು ಹೊತ್ತೂ ನಮ್ಮ ಪ್ರೊಫೆಸರು, ಆಕೆ ಹೇಳಿದಂತೆ, ಗಿರಾಕಿಗಳಿಗೆ ಹಸಿರು ಬ್ಲೌಸ್ ಪೀಸುಗಳನ್ನು ಬಿಡಿಸಿ ತೋರಿಸುತ್ತ ನಿಂತಿದ್ದರು.