ಜ್ವರ ನೋಡಿ ದೋಣಿ ಬಿಡುವ ಅಪ್ಪಿಯಕ್ಕ

2010ರ ಜನವರಿ 18, ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲು. ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕುದ್ರುವಿನ ಕಡವಿನಲ್ಲಿ ಕಟ್ಟಿದ ದೋಣಿಯೊಳಗೆ ಬಗ್ಗಿ ನಿಂತು ಅಪ್ಪಿ ರಾತ್ರಿ ಜಿನುಗಿದ ನೀರನ್ನು ತೆಂಗಿನ ಗೆರಟೆಯಿಂದ ಮೊಗೆಮೊಗೆದು ಹೊರಗೆ ಚೆಲ್ಲುತ್ತಿದ್ದಾರೆ. ನಡುನಡುವೆ ಕೆಮ್ಮು ಬರುತ್ತದೆ. ಬಂದಾಗಲೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮನೆಗಳಿಗೆ ಬೆನ್ನು ಮಾಡಿ, ಹೊಳೆಯ ಕಡೆ ತಿರುಗುತ್ತಾರೆ.

ದಂಡೆಯ ಮೇಲೆ ಬಲೆ ಹರಡಿಕೊಂಡು ಕೂತ ಗಂಡ ಬಚ್ಚ ತಲೆ ಎತ್ತುವುದಿಲ್ಲ. "ನಿನ್ನೆ ರಾತ್ರಿಯಿಂದ ಕೆಮ್ಮುದೇ ಆಯ್ತ್. ಇವತ್ತ್ ದೋಣಿ ಬ್ಯಾಡ ಅಂದ್ರೆ ನೀ ಕೇಂತಿಲ್ಲೆ."

"ಬ್ಯಾಡ ಅಂಬುಕೆ ನೀವ್ ಯಾರ್? ಮಕ್ಳ್ ಬರ್ಲಿ. ನೋಡಿ ಅವ್ರೇ ಹೇಳ್ಲಿ."

ಈ ಮಾತಿನ ಹಿಂದೆ ಒಂದು ಮಳೆಗಾಲದ ಕತೆಯಿದೆ.

ಕುಂದಾಪುರ ದಾಟಿ ಬೈಂದೂರಿನ ಕಡೆಗೆ ಸಾಗುವ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ಇಳಿದರೆ ಹೊಳೆ ಸಿಗುತ್ತದೆ. ಹೊಳೆಯ ನಡುವಿನ ಈ ಕುದ್ರುವಿನಲ್ಲಿ ಮೀನು ಹಿಡಿಯುವ, ಮಾರುವ ಮೂವತ್ತು ಮನೆಗಳು. ಸೇತುವೆ ಇಲ್ಲ. ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲವೂ ಆಚೆ ದಡದಲ್ಲಿ. ದಾಟಿಸುತ್ತಿದ್ದವರು ಬಚ್ಚ. 1997ರ ಆಷಾಢದಲ್ಲಿ ಕಡವಿನ ಪಾಚಿಯ ಮೇಲೆ ಜಾರಿ ಬಿದ್ದು ಅವರ ಬಲ ಭುಜ ಮುರಿಯಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಬಿದಿರಿನ ಗಳವನ್ನು ಹೊಳೆಯ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ನೂಕಲು ಭುಜ ಬೇಕು. ಉಳಿದ ಗಂಡಸರೆಲ್ಲ ಬೆಳಗಿನ ಜಾವಕ್ಕೇ ಕಡಲಿಗೆ ಹೋಗುವವರು. ಹಾಗಾಗಿ ಮರುದಿನ ಗಳ ಹಿಡಿದದ್ದು ಅಪ್ಪಿ.

"ಸುರುವಿಗೆ ದೋಣಿ ತಿರುಗ್ತೇ ಇತ್ತಿತ್, ಮುಂದ್ ಹೋಪುದೇ ಇಲ್ಲೆ," ಎಂದು ಅವರು ನಗುತ್ತಾರೆ. "ಕೂತವ್ರಿಗೆ ತಲಿ ತಿರ್ಗಿ, ಅಪ್ಪಿ ಗಾಣ ಹೊಡೀತ್ಲ್ ಅಂದ್ರ್."

ಈಗ ಅವರಿಗೆ ಐವತ್ತೆರಡು. ದಿನಕ್ಕೆ ಹದಿನಾಲ್ಕು ಸಲವಾದರೂ ಹೊಳೆ ದಾಟುತ್ತಾರೆ. ಶಾಲೆಯ ಹನ್ನೊಂದು ಮಕ್ಕಳಿಗೆ ದೋಣಿ ಬಿಟ್ಟಿ. ಅದು ಬಚ್ಚನ ಅಪ್ಪನ ಕಾಲದಿಂದ ಬಂದ ಕ್ರಮ.

ಕಳೆದ ಆಗಸ್ಟಿನಲ್ಲಿ ಹಂದಿಜ್ವರದ ಸುದ್ದಿ ಇಲ್ಲಿಗೂ ಬಂತು. ಕುಂದಾಪುರದ ಬಸ್ಸುಗಳಲ್ಲಿ ಮುಖಕ್ಕೆ ಕರವಸ್ತ್ರ ಕಟ್ಟಿದವರು ಕಾಣಿಸತೊಡಗಿದರು. ಆಚೆ ದಡದ ಪ್ರೌಢಶಾಲೆ ಒಂದು ವಾರ ಮುಚ್ಚಿ ಮತ್ತೆ ತೆರೆಯಿತು. ತೆರೆದ ಮೇಲೆ ಎಲ್ಲರೂ ಬರಲೇಬೇಕು, ಹಾಜರಿ ಕಡಿಮೆಯಾದರೆ ಹತ್ತನೆಯವರು ಪರೀಕ್ಷೆಗೆ ಕೂರುವಂತಿಲ್ಲ ಎಂದಾಯಿತು. ಮುಖ್ಯೋಪಾಧ್ಯಾಯ ಪ್ರೇಮಾನಂದ ಮಾಸ್ಟ್ರು ಕಡವಿನವರೆಗೆ ನಡೆದು ಬಂದು ಅಪ್ಪಿಯವರಿಗೆ ಹೇಳಿದ್ದು ಎರಡೇ ಮಾತು: "ಜ್ವರ ಇದ್ದವ್ರನ್ನ ಕರ್ಕೊಂಡು ಬರ್ಬೇಡಿ. ಜ್ವರ ಇಲ್ದವ್ರನ್ನ ಬಿಟ್ಟು ಬರ್ಬೇಡಿ."

"ಮಾಸ್ಟ್ರಿಗೆ ಹೇಳುಕೆ ಸುಲಭ," ಎನ್ನುತ್ತಾರೆ ಅಪ್ಪಿ. "ಅವ್ರಿಗೆ ಬಾಗಿಲ್ ಇತ್ತ್, ಗೇಟ್ ಇತ್ತ್. ನಂಗೆ ಎಂತ ಇತ್ತ್? ಗಳ ಒಂದ್."

ಮೊದಲ ದಿನ ಜಡಿಮಳೆ. ದೋಣಿಯ ನೀರು ಚೆಲ್ಲಿ ಮುಗಿಸಿದ ಅಪ್ಪಿ ಸಾಲಾಗಿ ನಿಂತ ಮಕ್ಕಳ ಹಣೆ ಮುಟ್ಟಿ ನೋಡಿದರು. ಒಂದು ಹಣೆ ಬಿಸಿ. ಇನ್ನೊಂದೂ ಬಿಸಿ. ಹನ್ನೊಂದು ಮಕ್ಕಳನ್ನೂ ಮನೆಗೆ ಅಟ್ಟಿದರು. ಅರ್ಧ ಗಳಿಗೆಯಲ್ಲಿ ತಾಯಂದಿರು ಕಡವಿಗೆ ಇಳಿದು ಬಂದರು. ಎಲ್ಲರಿಗಿಂತ ಮುಂದೆ ಮೀನಿನ ಬುಟ್ಟಿ ಹೊತ್ತ ವನಜ, ಹತ್ತನೆಯಲ್ಲಿ ಓದುವ ನವ್ಯಶ್ರೀಯ ತಾಯಿ. ಬುಟ್ಟಿ ಇಳಿಸಿದವರೇ ಅಪ್ಪಿಯವರ ಕೈ ಹಿಡಿದೆಳೆದು, ಸೂರಿನಡಿ ಕೂತಿದ್ದ ಬಚ್ಚನ ಹಣೆಗೆ ಒತ್ತಿದರು.

"ಈಗ ಹೇಳ್. ಇವ್ರಿಗೆ ಜ್ವರ ಇತ್ತಾ?"

"ಇತ್ತ್ ಮರಾಯ್ತಿ, ಸುಡ್ತಾ ಇತ್ತ್," ಎಂದರು ಅಪ್ಪಿ ಗಾಬರಿಯಿಂದ.

ಅಲ್ಲೇ ಮಲಗಿದ್ದ ನಾಯಿಯ ಹೊಟ್ಟೆಗೂ ವನಜ ಅದೇ ಕೈ ತಾಗಿಸಿದರು. "ನಾಯಿಗೂ ಹಂದಿಜ್ವರ. ಅಪ್ಪಿಯಕ್ಕ, ನನ್ ಮಗ್ಳಿಗೆ ಜ್ವರ ಬಂದದ್ದಲ್ಲ, ನಿನ್ ಕೈಗೆ ಥಂಡಿ ಬಂದದ್."

ನೀರಿನಲ್ಲಿ ನೆನೆದ ಕೈ ಮೈಗಿಂತ ಎಷ್ಟೋ ತಣ್ಣಗಿರುತ್ತದೆ. ಅಂಥ ಕೈಗೆ ಯಾವ ಹಣೆಯೂ ಬಿಸಿಯೇ. ಹನ್ನೆರಡು ವರ್ಷ ಬೆಳಗಾದರೆ ಹೊಳೆಯ ನೀರಿಗೆ ಕೈ ಹಾಕಿದವರಿಗೆ ತಮ್ಮ ಕೈ ತಣ್ಣಗಿದೆ ಎಂಬುದೇ ಮರೆತುಹೋಗಿತ್ತು. ಆ ದಿನ ಮಕ್ಕಳು ತಡವಾಗಿ ಶಾಲೆ ಸೇರಿದರು.

ಮರುದಿನದಿಂದ ಅಪ್ಪಿ ಕೈ ಬಿಟ್ಟು ಕೆನ್ನೆ ಹಿಡಿದರು. ಪ್ರತಿ ಮಗುವಿನ ಹಣೆಗೆ ತಮ್ಮ ಕೆನ್ನೆಯಿಟ್ಟು ನೋಡಿಯೇ ದೋಣಿ ಹತ್ತಿಸುವುದು. ಎಂಟನೆಯ ರತನ್ ನಾಚಿಕೊಂಡು ತೆಂಗಿನ ಮರದ ಹಿಂದೆ ಅಡಗುತ್ತಿದ್ದ. "ಬಾ ಇಲ್ಲಿ, ನಿಂಗೆ ಹೆಣ್ಣ್ ನೋಡುಕೆ ಬಂದದ್ದಲ್ಲ," ಎಂದು ಅವನನ್ನು ಎಳೆದು ತರಬೇಕಾಗುತ್ತಿತ್ತು. ಜ್ವರದ ಮಗುವಿಗೆ ಕೆನ್ನೆ ಕೊಟ್ಟರೆ ಅದು ತಮಗೇ ಅಂಟಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. "ಗೊತ್ತಿತ್ತ್. ಮತ್ತೆಂತ ಮಾಡುದ್? ಒಣಗಿದ್ದ್ ನಂದ್ ಕೆನ್ನಿ ಒಂದೇ."

ಕೆನ್ನೆಯೂ ಒಮ್ಮೆ ಮೋಸ ಹೋಯಿತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ನವ್ಯಶ್ರೀಯ ಹಣೆ ತಂಪಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ತರಗತಿಯಲ್ಲಿ ಅವಳಿಗೆ ನಡುಕ ಹುಟ್ಟಿತು. ಹಾಜರಿ ತಪ್ಪೀತೆಂಬ ಹೆದರಿಕೆಗೆ ಹುಡುಗಿ ಬೆಳಗಿನ ಜಾವ ತಾಯಿಗೂ ತಿಳಿಯದಂತೆ ಜ್ವರದ ಮಾತ್ರೆ ನುಂಗಿ ಬಂದಿದ್ದಳು. ಕುಂದಾಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದಳು. ಮನೆಯಲ್ಲಿ ಇನ್ನೂ ಮೂರು ವಾರ. ಅದೇ ದೋಣಿಯಲ್ಲಿ ಪಕ್ಕ ಕೂತಿದ್ದ ರತನ್ ಮತ್ತು ಪುಟ್ಟ ಶರಣ್ಯಾ ಕೂಡ ಮಲಗಿದರು. ಎಲ್ಲರೂ ಎದ್ದರು. ಆದರೆ ಯಾವ ಹಾಜರಿಗಾಗಿ ಮಾತ್ರೆ ನುಂಗಿದ್ದಳೋ ಅದೇ ಹಾಜರಿ ನವ್ಯಶ್ರೀಗೆ ಅಂಚಿಗೆ ಬಂದು ನಿಂತಿತು. ಇನ್ನು ರಜೆ ಹಾಕಿದರೆ ಪರೀಕ್ಷೆಗೆ ಕೂರಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಪ್ರೇಮಾನಂದ ಮಾಸ್ಟ್ರು ವನಜರಿಗೆ ಹೇಳಿಬಿಟ್ಟಿದ್ದಾರೆ.

ಆಸ್ಪತ್ರೆಗೆ ಗಂಜಿ ಹೊತ್ತುಕೊಂಡು ಹೋದ ಅಪ್ಪಿ ಹುಡುಗಿಗೆ ಬೈಯಲಿಲ್ಲ. "ಹೆಣ್ಣಿಗೆ ಹೆದ್ರಿಕಿ ಆದದ್ದ್. ಹೆದ್ರಿದವ್ರಿಗೆ ಬೈದ್ರೆ ಇನ್ನೂ ಅಡಗ್ಸ್ತ್ರ್."

ಬಳಿಕ ವಿಜ್ಞಾನ ಕಲಿಸುವ ಗಿರಿಜಾ ಟೀಚರ್ ಒಂದು ಥರ್ಮಾಮೀಟರ್ ತಂದುಕೊಟ್ಟರು. ಕಂಕುಳಲ್ಲಿ ಇಟ್ಟು, ಪಾದರಸ ತೊಂಬತ್ತೊಂಬತ್ತು ದಾಟಿದರೆ ದೋಣಿ ಇಲ್ಲ ಎಂದು ತೋರಿಸಿಕೊಟ್ಟರು. ಅದಕ್ಕೆ ಅಪ್ಪಿ ತಮ್ಮದೇ ಎರಡು ಕಟ್ಟುಪಾಡು ಸೇರಿಸಿದರು. ತನ್ನದನ್ನು ತಾನೇ ಓದುವಂತಿಲ್ಲ, ಇನ್ನೊಬ್ಬರು ಓದಿ ಹೇಳಬೇಕು. ಮತ್ತೆ, "ದೋಣಿಯಲ್ಲಿ ಕೂತವ್ರಿಗೊಂದ್, ನಿಂತವ್ರಿಗೊಂದ್ ಕಾನೂನ್ ಇಲ್ಲೆ." ದೋಣಿಯಲ್ಲಿ ನಿಲ್ಲುವವರು ಅವರೊಬ್ಬರೇ.

ನಿಮಗೇನು ಬೇಕು ಎಂದು ಕೇಳಿದರೆ ಅಪ್ಪಿಯವರ ಬಾಯಲ್ಲಿ ಸೇತುವೆಯ ಮಾತು ಬರುವುದಿಲ್ಲ. "ಪರೀಕ್ಷಿ ಸುರುವಾಪು ದಿನ ನವ್ಯನ್ ಒಬ್ಳನ್ನೇ ಕೂರ್ಸ್ಕಂಡ್ ಒಂದ್ ಸಲ ದಾಟ್ಸ್ಕ್. ಬೇರೆ ಯಾರೂ ಬ್ಯಾಡ, ಗಲಾಟಿ ಬ್ಯಾಡ. ಅದ್ ಓದ್ಕಂಡ್ ಕೂಕಂಬ್ಲಿ."

ಏಳೂವರೆ. ಮಂಜು ಹರಿದಿದೆ. ಮಕ್ಕಳು ಬಂದು ಸಾಲಾಗಿ ನಿಂತು ಒಬ್ಬರದನ್ನೊಬ್ಬರು ನೋಡಿ ಮುಗಿಸಿದ್ದಾರೆ, ಯಾರಿಗೂ ಜ್ವರವಿಲ್ಲ. ಅಪ್ಪಿ ಥರ್ಮಾಮೀಟರನ್ನು ಸಾಬೂನು ನೀರಿನಲ್ಲಿ ತೊಳೆದು, ಕೊಡವಿ, ತಮ್ಮ ಕಂಕುಳಲ್ಲಿಟ್ಟು ದಂಡೆಯ ಕಲ್ಲಿನ ಮೇಲೆ ಕೂರುತ್ತಾರೆ. ಹೊತ್ತಾದ ಮೇಲೆ ತೆಗೆದು, ನೋಡದೆ, ನವ್ಯಶ್ರೀಯ ಕಡೆಗೆ ಚಾಚುತ್ತಾರೆ.

"ರತನ್ ಓದ್ಲಿ," ಎನ್ನುತ್ತಾಳೆ ಹುಡುಗಿ.

"ಬ್ಯಾಡ. ನೀನೇ ಓದ್. ಇದ್ದದ್ದ್ ಇದ್ದಾಂಗೆ ಹೇಳ್."

ನವ್ಯಶ್ರೀ ಗಾಜಿನ ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ. ಆಚೆ ದಡವನ್ನು ಒಮ್ಮೆ ನೋಡುತ್ತಾಳೆ. ಮತ್ತೆ ಕಡ್ಡಿಯನ್ನು ತಿರುಗಿಸುತ್ತಾಳೆ.

"ತೊಂಬತ್ತೊಂಬತ್ತ್ ಪಾಯಿಂಟ್ ನಾಲ್ಕ್, ಅಪ್ಪಿಯಕ್ಕ."

ಅಪ್ಪಿ ಗಳವನ್ನು ದೋಣಿಗೆ ಒರಗಿಸಿ ನಾಲ್ಕು ಹೆಜ್ಜೆ ದೂರ ಸರಿದು ನಿಲ್ಲುತ್ತಾರೆ. ಆಗ ಬಚ್ಚ ಬಲೆಯನ್ನು ಪಕ್ಕಕ್ಕೆ ಸರಿಸಿ ಮೊಣಕಾಲು ಹಿಡಿದುಕೊಂಡು ಏಳುತ್ತಾರೆ.

"ಬಾ ಹೆಣ್ಣೇ. ದಾರಿ ನಂಗೊತ್ತಿತ್ತ್, ಭುಜ ಇಲ್ಲೆ. ಭುಜ ನಿಂದ್. ಇಳಿತದ ನೀರ್, ಹೆದ್ರುದ್ ಬ್ಯಾಡ."

ಗಳವನ್ನು ಮೇಲೆ ಬಚ್ಚನ ಎಡಗೈ, ಕೆಳಗೆ ನವ್ಯಶ್ರೀಯ ಎರಡು ಕೈ ಹಿಡಿಯುತ್ತವೆ. ದೋಣಿ ಒಂದು ಸುತ್ತು ತಿರುಗುತ್ತದೆ. ಮಕ್ಕಳು ನಗುತ್ತಾರೆ.

"ಹ್ವಾಯ್, ಗಳ ನೆಟ್ಟಗ್ ಊರಿ," ಎಂದು ಅಪ್ಪಿ ದಂಡೆಯಿಂದ ಕೂಗುತ್ತಾರೆ.

"ನಿಂಗೆ ಗಾಣ ಹೊಡಿಯುಕೆ ಕಲ್ಸಿದ್ದೇ ನಾನ್. ಮನಿಗ್ ಹೋಯಿ ಮಲ್ಕೊ."

ಅಪ್ಪಿ ಮನೆಗೆ ಹೋಗುವುದಿಲ್ಲ. ಸೆರಗನ್ನು ಬಾಯಿಗೆ ಹಿಡಿದು ದೋಣಿಯನ್ನೇ ನೋಡುತ್ತ ನಿಲ್ಲುತ್ತಾರೆ. ಅದು ಈಗ ನೇರವಾಗಿದೆ, ಮೆಲ್ಲಗೆ ಸಾಗುತ್ತಿದೆ.

"ಹೆಣ್ಣ್ ಅಡಗ್ಸ್ಲಿಲ್ಲೆ ಕಾಣಿ," ಎನ್ನುತ್ತಾರೆ. "ನಂಗಿಷ್ಟ್ ಸಾಕ್."

ದೋಣಿ ಆಚೆ ದಡಕ್ಕೆ ತಾಗುವವರೆಗೂ ಅವರು ಕದಲುವುದಿಲ್ಲ. ಈ ಕಡವಿನಲ್ಲಿ ಹೊಳೆಯ ಅಗಲ ನೂರ ಅರವತ್ತು ಮೀಟರ್.