ಮುಖ್ಯ ಅತಿಥಿಗಳ ಮೊದಲ ನಡೆ

ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ನಮ್ಮ ಹಳಿಯಾಳ ಸೀಮೆಯ ಚೆಸ್ ಪಂದ್ಯಗಳಿಗೆ ನಾನು ತೀರ್ಪುಗಾರನಾದೆ. ತೀರ್ಪುಗಾರರ ಪರೀಕ್ಷೆಗೆಂದು ಇಲ್ಲಿಂದ ಮೂರು ಜನ ಹೊರಟಿದ್ದೆವು. ಒಬ್ಬರಿಗೆ ಬಸ್ಸು ತಪ್ಪಿತು. ಇನ್ನೊಬ್ಬರು ಮಧ್ಯಾಹ್ನ ಊಟಕ್ಕೆ ಎದ್ದು ಹೋದವರು ಮತ್ತೆ ಬರಲಿಲ್ಲ. ಉಳಿದವನು ನಾನು, ಪಾಸಾದೆ. ಅಂದಿನಿಂದ ವಾರವೆಲ್ಲ ತೇರಗಾಂವದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಭಾನುವಾರ ಯಾವುದಾದರೂ ಮಂಗಲ ಕಾರ್ಯಾಲಯದಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ದೊಡ್ಡವರ ಜಗಳ ಬಿಡಿಸುವುದು, ಇದೇ ನನ್ನ ಬದುಕು. ಮಕ್ಕಳೇ ವಾಸಿ.

ಚೆಸ್ ಶಾಂತವಾದ ಆಟ ಎಂದು ಹೇಳಿದವರು ನಮ್ಮ ಕಡೆ ಬಂದಿರಲಿಕ್ಕಿಲ್ಲ. ದಾಂಡೇಲಿಯ ಪಂದ್ಯದಲ್ಲಿ ಮಿಲ್ಲಿನ ಕೆಲಸಗಾರರೊಬ್ಬರು ಎದುರಾಳಿಯ ರಾಜನಿಗೆ ‘ಶಹಾ’ ಎಂದು ಎಚ್ಚರಿಕೆ ಕೊಟ್ಟರೆ ಅಕ್ಕಪಕ್ಕದ ನಾಲ್ಕು ಪಟಗಳ ರಾಜರೂ ಬೆಚ್ಚಿಬೀಳುತ್ತಿದ್ದರು. ದೂರು ಬಂತು. “ಎಂಟ್ ತಾಸು ಮಷಿನ್ ಮುಂದ ನಿಂತಾಂವರಿ ನಾ. ಇದು ನನ್ನ ಸಣ್ಣ ಧ್ವನಿ” ಎಂದು ಅವರು ವಿನಯದಿಂದಲೇ ಹೇಳಿದರು. ಮುಂಡಗೋಡದಲ್ಲಿ ಒಬ್ಬ, ಎದುರಿನವನು ಶೇಂಗಾ ತಿಂದ ಕೈಯಲ್ಲಿ ತನ್ನ ಕಾಯಿಗಳನ್ನು ಹೊಡೆಯುತ್ತಿದ್ದಾನೆ, ಇದು ಮಾನಸಿಕ ಹಿಂಸೆ ಎಂದು ಎರಡು ಪುಟದ ಅರ್ಜಿ ಬರೆದುಕೊಟ್ಟ. ಜೋಯಿಡಾದಲ್ಲಿ ಕರೆಂಟು ಹೋಗಿ ಬರುವಷ್ಟರಲ್ಲಿ ಒಂದು ಪಟದ ಮೇಲೆ ಎರಡೂ ಬಣ್ಣದ ಒಂದೊಂದು ಕುದುರೆ ಮಾಯವಾಗಿತ್ತು. ಎದುರಿನವನೇ ಕದ್ದಿದ್ದಾನೆ ಎಂದು ಇಬ್ಬರೂ ಆಣೆ ಮಾಡಿದರು. ಇಬ್ಬರ ಮಾತೂ ನಿಜವಾಗಿತ್ತು.

ಇವೆಲ್ಲಕ್ಕೂ ನಾನು ಎದೆಯುಬ್ಬಿಸಿಕೊಂಡು ತೀರ್ಪು ಕೊಟ್ಟವನು. ‘ಸರ್ ಭಾಳ ಕಟ್ಟುನಿಟ್ಟು’ ಎಂದು ಜನ ಅನ್ನುತ್ತಿದ್ದರು. ಅದನ್ನು ಕೇಳಿಸದವನ ಹಾಗೆ ಕೇಳಿಸಿಕೊಳ್ಳುವುದು ನನಗೆ ಬಹಳ ಇಷ್ಟವಾಗಿತ್ತು.

ಆ ವರ್ಷದ ಪಂದ್ಯ ಹಳಿಯಾಳದಲ್ಲಿ ನಡೆಯಿತು. ಹಿಂದಿನ ದಿನ ಅದೇ ಕಾರ್ಯಾಲಯದಲ್ಲಿ ಮದುವೆ ಆಗಿತ್ತು. ವೇದಿಕೆಯ ಮೇಲೆ ‘ಶುಭ ವಿವಾಹ’ ಎಂಬ ಥರ್ಮಾಕೋಲ್ ಅಕ್ಷರಗಳು ಹಾಗೆಯೇ ಇದ್ದವು, ಅದರ ಕೆಳಗೆ ನಮ್ಮ ಟ್ರೋಫಿಗಳು ವಧೂವರರ ಕುರ್ಚಿಯಲ್ಲಿ ಕುಳಿತಿದ್ದವು. ಐದು ಸುತ್ತು, ಒಬ್ಬೊಬ್ಬ ಆಟಗಾರನಿಗೆ ಹದಿನೈದು ನಿಮಿಷದ ಗಡಿಯಾರ. ಮೊದಲು ಬಂದವರಿಗೆ ಜಿಲ್ಲಾ ತಂಡದಲ್ಲಿ ಜಾಗ. ಉಳಿದ ಜಾಗಗಳೆಲ್ಲ ಆಗಲೇ ತುಂಬಿದ್ದವು, ಇದ್ದದ್ದು ಅದೊಂದೇ.

ಬೆಳಿಗ್ಗೆ ಹೆಸರು ಬರೆಸಲು ಗಣೇಶಗುಡಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ಅಲ್ಲಿಯ ಒಂದು ಹೋಮ್‌ಸ್ಟೇಯಲ್ಲಿ ಅಡಿಗೆ ಮಾಡುತ್ತಾಳೆ. ರಾಫ್ಟಿಂಗಿಗೆ ಬಂದವರು ಬಿಟ್ಟುಹೋದ ಚೆಸ್ ಪೆಟ್ಟಿಗೆಯಲ್ಲಿ ಆಟ ಕಲಿತವಳು. ಆ ಪೆಟ್ಟಿಗೆಯಲ್ಲಿ ಒಂದು ಪೇದೆ ಇರಲಿಲ್ಲವಂತೆ, ಅದರ ಬದಲು ಶಾಂಪೂ ಬಾಟಲಿಯ ಮುಚ್ಚಳ ಇಟ್ಟುಕೊಂಡಿದ್ದಳು. ಈ ಪಂದ್ಯಕ್ಕೂ ಮುಂಚಿನ ಮೂರು ವರ್ಷ ಆಕೆ ಸತತವಾಗಿ ಕೊನೆಯ ಸುತ್ತಿನಲ್ಲಿ ಸೋತು ಹೋದದ್ದನ್ನು ನಾನೇ ಬರೆದುಕೊಂಡಿದ್ದೆ.

“ಮೂವತ್ತು ಮಂದಿಗೆ ನಾಷ್ಟಾ ಮಾಡಿಟ್ಟು ಬಂದೇನ್ರಿ ಸರ್” ಎಂದಳು. “ಈ ಸಲ ಹೆಸರು ತಂಡದ ಪಟ್ಟಿಯೊಳಗ ಬರಬೇಕ್ರಿ. ಅಡಿಗಿ ಬಾಯಿ ಚೆಸ್ ಆಡ್ತಾಳಂತ ಬಂದಾವ್ರೆಲ್ಲ ಫೋಟೋ ತಗೋತಾರ. ಚೆಸ್ ಆಡಾಕಿ ಅಡಿಗೀನೂ ಮಾಡ್ತಾಳಂತ ಒಮ್ಮೆ ಅನ್ನಿಸ್ಕೋಬೇಕು ನಾ.”

ನಾನು ಗಂಭೀರವಾಗಿ ತಲೆಯಾಡಿಸಿ ರಸೀದಿ ಹರಿದುಕೊಟ್ಟೆ. ತೀರ್ಪುಗಾರನಾದವನು ಯಾರ ಪರವೂ ಇರಬಾರದು ನೋಡಿ.

ಮೊದಲ ನಾಲ್ಕು ಸುತ್ತುಗಳಲ್ಲಿ ಆಕೆ ನಾಲ್ಕನ್ನೂ ಗೆದ್ದಳು. ಹಾಗೆಯೇ ನಾಲ್ಕನ್ನೂ ಗೆದ್ದವನು ಮುಂಡಗೋಡದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ಹುಡುಗ ಮೆತ್ತಗಿನವನು. ಆದರೆ ಅವನ ಜೊತೆಗೆ ಅವನ ತಂದೆ ಬಂದಿದ್ದರು. ಅವರು ಪಂದ್ಯದ ನಿಯಮಗಳನ್ನೆಲ್ಲ ಪ್ರಿಂಟ್ ಹಾಕಿಸಿ, ಸ್ಪೈರಲ್ ಕಟ್ಟಿಸಿ, ಹಳದಿ ಹಸಿರು ಚೀಟಿ ಅಂಟಿಸಿ ಕಂಕುಳಲ್ಲಿ ಇಟ್ಟುಕೊಂಡು ತಿರುಗುವವರು. ಮಗ ಆಟ ಕಲಿತಿದ್ದ, ಅಪ್ಪ ತಕರಾರು ಕಲಿತಿದ್ದರು. ಒಂದು ಮನೆಗೆ ಎರಡೂ ಬೇಕಲ್ಲ.

ಮುಖ್ಯ ಅತಿಥಿಗಳು ಬೆಳಿಗ್ಗೆ ಹತ್ತಕ್ಕೆ ಬರಬೇಕಿತ್ತು. ಬಂದದ್ದು ಮೂರೂವರೆಗೆ. ಊರಿನ ದೊಡ್ಡ ವ್ಯಾಪಾರಿಯೊಬ್ಬರು, ಊಟ ಅವರದು, ಟ್ರೋಫಿ ಅವರದು, ಬ್ಯಾನರಿನ ಮುಕ್ಕಾಲು ಭಾಗದಲ್ಲಿ ಮುಖವೂ ಅವರದೇ. ‘ಉದ್ಘಾಟನಾ ಸಮಾರಂಭ’ ಎಂದು ಅಚ್ಚು ಹಾಕಿಸಿಯಾಗಿತ್ತು, ಬಿಡುವುದು ಹೇಗೆ? ಹೀಗಾಗಿ ಐದರಲ್ಲಿ ನಾಲ್ಕು ಸುತ್ತು ಮುಗಿದಿದ್ದ ಪಂದ್ಯವನ್ನು ದೀಪ ಹಚ್ಚಿ ಉದ್ಘಾಟಿಸಲಾಯಿತು. ತಾವೂ ಸಣ್ಣವರಿದ್ದಾಗ ಚದುರಂಗದಲ್ಲಿ ಎತ್ತಿದ ಕೈ ಎಂದು ಅತಿಥಿಗಳು ಅರ್ಧ ತಾಸು ಹೇಳಿದರು. ಆಮೇಲೆ ರೂಢಿಯಂತೆ ಮೊದಲನೇ ಪಟದಲ್ಲಿ ಮೊದಲ ನಡೆ ಇಡಲು ಅವರನ್ನು ಕರೆದುಕೊಂಡು ಬಂದೆವು. ಅದು ಗಣೇಶಗುಡಿಯ ಆಕೆಗೂ ಮುಂಡಗೋಡದ ಹುಡುಗನಿಗೂ ನಡೆಯಬೇಕಿದ್ದ ಆಟ. ಬಿಳಿ ಕಾಯಿ ಆಕೆಯದು.

ಅತಿಥಿಗಳು ಎರಡು ಪೇದೆಗಳನ್ನು, ಒಂದೊಂದು ಕೈಯಲ್ಲಿ ಒಂದೊಂದರಂತೆ, ಒಂದೊಂದು ಮನೆ ಮುಂದಕ್ಕಿಟ್ಟರು.

ಇದರಲ್ಲಿ ಅವರ ತಪ್ಪು ಕಡಿಮೆ. ನಮ್ಮ ಕಡೆ ಕಟ್ಟೆಯ ಮೇಲೆ ಕುಳಿತು ಆಡುವ ಹಳೆಯ ಚದುರಂಗದಲ್ಲಿ ಆಟ ಶುರುವಾಗುವುದೇ ಹಾಗೆ. ಒಂಟಿ ಪೇದೆಯನ್ನು ಹೊರಡಿಸಬಾರದು, ಜೋಡಿ ಕಳಿಸಬೇಕು ಎನ್ನುತ್ತಿದ್ದರು ಹಿರಿಯರು. ನಾನೂ ಹಾಗೆಯೇ ಕಲಿತವನು. ಆದರೆ ಪಂದ್ಯದಲ್ಲಿ ಒಂದು ಸರದಿಗೆ ಒಂದೇ ಕಾಯಿ. ಎರಡು ಇಟ್ಟರೆ ಅದು ತಪ್ಪು ನಡೆ, ಮೂರನೇ ತರಗತಿಯ ಮಕ್ಕಳಿಗೂ ಇದು ಗೊತ್ತು.

ಫೋಟೋದವನು “ಇನ್ನೊಮ್ಮೆ ಸರ್” ಎಂದ. ಅತಿಥಿಗಳು ಎರಡೂ ಪೇದೆಗಳ ತಲೆಯ ಮೇಲೆ ಮತ್ತೊಮ್ಮೆ ಬೆರಳಿಟ್ಟು ನಕ್ಕರು. ಆಮೇಲೆ ಎದ್ದು ಹೋಗುವ ಬದಲು ಒಂದು ಕುರ್ಚಿ ಎಳೆಸಿಕೊಂಡು ಪಟದ ಪಕ್ಕದಲ್ಲೇ ಕುಳಿತರು. ಆಕೆ ಒಂದು ಪೇದೆಯನ್ನು ಹಿಂದಕ್ಕೆ ಇಡಲು ಕೈ ಚಾಚಿದಳು.

“ಯಾಕವ್ವಾ, ನಾ ಇಟ್ಟಿದ್ದು ಛಲೋ ಆಗಲಿಲ್ಲೇನು?” ಎಂದರು ಅತಿಥಿಗಳು. ಸುತ್ತ ನಿಂತವರೆಲ್ಲ ನಕ್ಕರು.

ಆಕೆಯ ಕೈ ಅಲ್ಲೇ ನಿಂತಿತು. ಹುಡುಗನೂ ನೋಡಿದ, ತುಟಿ ಅರಳಿಸಿದ, ತಕರಾರು ಎತ್ತಲಿಲ್ಲ. ಆಕೆ ತಲೆಯೆತ್ತಿ ನನ್ನ ಕಡೆ ನೋಡಿದಳು. ಎರಡು ಮಾರು ದೂರದಲ್ಲಿದ್ದೆ ನಾನು. ಆಗ ನನ್ನ ತಲೆಯಲ್ಲಿ ಏನಿತ್ತು ಎಂಬುದು ಇವತ್ತಿಗೂ ಚೆನ್ನಾಗಿ ನೆನಪಿದೆ. ಮುಂದಿನ ವರ್ಷದ ಟ್ರೋಫಿ ಇತ್ತು, ಕಾರ್ಯಾಲಯ ಇತ್ತು, ಇಷ್ಟು ಜನರ ಮುಂದೆ ದೊಡ್ಡವರಿಗೆ ‘ನಿಮಗೆ ಆಟ ಬರುವುದಿಲ್ಲ’ ಎಂದು ಹೇಳಬೇಕಾದ ಮುಜುಗರ ಇತ್ತು. ನಿಯಮ ಮಾತ್ರ ಇರಲಿಲ್ಲ. ನಾನು ಅಂಗೈ ಅಡ್ಡ ಮಾಡಿ, ಇರಲಿ, ಮುಂದುವರಿಸು ಎಂದು ಸನ್ನೆ ಮಾಡಿದೆ. ಆಕೆ ಗಡಿಯಾರ ಒತ್ತಿದಳು.

ಆಟ ಏನು ಚೆಂದ ಆಡಿದಳು ಆಕೆ. ಇಪ್ಪತ್ತನೇ ನಡೆಯ ಹೊತ್ತಿಗೆ ಹುಡುಗ ಒಂದು ಆನೆಯನ್ನು ಕಳೆದುಕೊಂಡ. ಮೂವತ್ತರ ಹೊತ್ತಿಗೆ ಅವನ ರಾಜ ಮೂಲೆ ಸೇರಿದ. ಇನ್ನೆರಡು ನಡೆಗೆ ಆಟ ಮುಗಿಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಕಿವಿ ಕೆಂಪಾಗಿತ್ತು. ಆಕೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಯಾರ ಪರವೂ ಇರಬಾರದ ನನಗೂ ಒಳಗೊಳಗೇ ಹಿಗ್ಗಾಗಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಬಾಗಿಲಿನಿಂದ “ಆಟ ನಿಲ್ಲಸ್ರಿ” ಎಂಬ ಧ್ವನಿ ಬಂತು. ಫೋಟೋದವನು ಉದ್ಘಾಟನೆಯ ಚಿತ್ರಗಳನ್ನು ಪಂದ್ಯದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಎಲ್ಲರೂ ಅದರಲ್ಲಿ ಅತಿಥಿಗಳ ಶಾಲು ನೋಡಿದ್ದರೆ, ಅಂಗಳದಲ್ಲಿ ಕುಳಿತಿದ್ದ ಹುಡುಗನ ತಂದೆ ಬೆರಳಿನಿಂದ ಹಿಗ್ಗಿಸಿ ಪಟ ನೋಡಿದ್ದರು. ಎರಡು ಪೇದೆ! ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ನಿಯಮದ ಪುಸ್ತಕ ಹಿಡಿದು ಬಂದವರು, ಹಸಿರು ಚೀಟಿಯ ಪುಟ ತೆರೆದು ನನ್ನ ಮೂಗಿನ ಮುಂದೆ ಹಿಡಿದರು.

“ತಪ್ಪು ನಡೀ ಆದ್ರ ತಪ್ಪಾದ ಜಾಗಾದಿಂದ ಮತ್ತ ಆಡಸ್ಬೇಕು. ಓದ್ರಿ ಇಲ್ಲೆ. ತಪ್ಪಾಗಿದ್ದ ಮೊದಲ್ನೇದರಾಗ. ಅಂದ್ರ ಇಡೀ ಆಟ ಮತ್ತ ಆಗ್ಬೇಕು. ಅಲ್ರೀ, ನೀವು ಇಲ್ಲೇ ನಿಂತು ಏನ್ ಮಾಡ್ತಿದ್ರಿ? ಜಿಲ್ಲಾಕ್ಕ ಬರೀತೇನಿ ನಾ.”

ಅವರು ತೋರಿಸಿದ ಪುಟ ದಿನಗಟ್ಟಲೆ ನಡೆಯುವ ದೊಡ್ಡ ಆಟಗಳದ್ದು. ಹದಿನೈದು ನಿಮಿಷದ ಆಟಕ್ಕೆ ನಿಯಮ ಬೇರೆ, ಅದು ಹಳದಿ ಚೀಟಿಯ ಪುಟದಲ್ಲಿತ್ತು. ತಪ್ಪು ನಡೆಯನ್ನು ತೀರ್ಪುಗಾರ ಆಗಲೇ ತಡೆಯದಿದ್ದರೆ, ಎದುರಾಳಿಯೂ ತನ್ನ ಮುಂದಿನ ನಡೆ ಇಡುವ ಮೊದಲು ಕೇಳದಿದ್ದರೆ, ಆ ನಡೆ ಊರ್ಜಿತ. ಆಟ ಹಾಗೆಯೇ ಮುಂದುವರಿಯಬೇಕು. ಇದು ನನಗೆ ಬಾಯಿಪಾಠ. ಹೇಳಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಹೇಳಬೇಕೆಂದರೆ ಮುಖ್ಯ ಅತಿಥಿಗಳದ್ದು ತಪ್ಪು ನಡೆ ಎಂದು ಅವರ ಮುಖದ ಮುಂದೆಯೇ ಸಾರಬೇಕಿತ್ತು. ಅದನ್ನು ಕಂಡೂ ತಡೆಯದವನು ನಾನು ಎಂದೂ ಒಪ್ಪಬೇಕಿತ್ತು.

ನಾನು ಪುಸ್ತಕ ತಿರುವಿದೆ, ಕೆಮ್ಮಿದೆ, ಕನ್ನಡಕ ಒರೆಸಿದೆ. ಅಷ್ಟರಲ್ಲಿ ಅತಿಥಿಗಳೇ ಬಾಯಿ ಬಿಟ್ಟರು. “ಆಟನ ಐತೆಲಾ, ಯಾಕ ಮನಸ್ಸು ಕೆಡಿಸ್ಕೋತೀರಿ. ಮತ್ತೊಮ್ಮೆ ಆಡ್ಲಿ. ಗೆಲ್ಲೋರು ಎರಡು ಸಲಾನೂ ಗೆಲ್ತಾರ.”

ಜನ ಚಪ್ಪಾಳೆ ತಟ್ಟಿದರು. ಎಂಥ ದೊಡ್ಡ ಮನಸ್ಸು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಟ್ಟುನಿಟ್ಟಿನ ತೀರ್ಪುಗಾರನಾದ ನಾನು “ಹೌದು, ಮತ್ತೊಮ್ಮೆ ಆಡಿ” ಎಂದೆ, ಆ ತೀರ್ಪು ನನ್ನದೇ ಏನೋ ಎನ್ನುವ ಹಾಗೆ.

ಆಕೆ ಎದ್ದು ನಿಂತಳು. “ಸರ್, ಅವ್ರು ಎರಡು ಇಟ್ಟಿದ್ದು ನೀವು ನೋಡಿದ್ರೆಲ್ರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಅತಿಥಿಗಳೂ ತಿರುಗಿದರು.

“ನನ್ನ ಗಮನಕ್ಕೆ ಬರಲಿಲ್ಲ” ಎಂದೆ.

ಹುಡುಗ ತಲೆ ತಗ್ಗಿಸಿದ. ಅವನ ಕೈಯೇ ಕಾಯಿಗಳನ್ನು ಮತ್ತೆ ಜೋಡಿಸಿತು, ಆಕೆಯ ಕಾಯಿಗಳನ್ನೂ ಅವನೇ ಜೋಡಿಸಿಕೊಟ್ಟ. ಆಕೆ ಅದನ್ನು ನೋಡುತ್ತ ನಿಂತಿದ್ದಳು. ಗೆದ್ದ ಆಟವನ್ನು ಬೇರೆಯವರು ಒಂದೊಂದೇ ಕಾಯಿಯಾಗಿ ಅಳಿಸುವುದನ್ನು ನೋಡುವುದು ಎಂಥ ಸಂಕಟ ಎಂದು ಆಡಿದವರಿಗಷ್ಟೇ ಗೊತ್ತು. ನಾನು ಗಡಿಯಾರ ಸರಿಪಡಿಸುವವನ ಹಾಗೆ ಬಗ್ಗಿಕೊಂಡೆ.

ಎರಡನೇ ಆಟದಲ್ಲಿ ಆಕೆ ಆಕೆಯಾಗಿರಲಿಲ್ಲ. ಯಾವತ್ತೂ ಮಾಡದ ತಪ್ಪು ಮಾಡಿ ವಜೀರನನ್ನು ಕುದುರೆಯ ಬಾಯಿಗೆ ಇಟ್ಟಳು. ಇಟ್ಟ ಕೂಡಲೇ ಆಕೆಗೇ ಗೊತ್ತಾಯಿತು. ಹುಡುಗ ಆ ವಜೀರನನ್ನು ಹೊಡೆಯಲು ಒಂದು ನಿಮಿಷ ತಡ ಮಾಡಿದ, ಆಮೇಲೆ ಬಾಗಿಲಲ್ಲಿದ್ದ ಅಪ್ಪನ ಕಡೆ ನೋಡಿ ಹೊಡೆದ. ಅತಿಥಿಗಳು ಅಷ್ಟರಲ್ಲಿ ಎದ್ದು ಹೋಗಿದ್ದರು, ಯಾರದೋ ನಿಶ್ಚಿತಾರ್ಥಕ್ಕೆ. ಯಾರಿಗೋಸ್ಕರ ಇಷ್ಟೆಲ್ಲ ಆಯಿತೋ ಅವರಿಗೆ ಯಾರು ಗೆದ್ದರು ಎಂದು ತಿಳಿಯುವ ಪುರುಸೊತ್ತೂ ಇರಲಿಲ್ಲ.

ಫಲಿತಾಂಶದ ಹಾಳೆಗೆ ಇಬ್ಬರೂ ಸಹಿ ಮಾಡಬೇಕು. ಹುಡುಗ ಗೀಚಿ ಓಡಿದ. ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ದಾಂಡೇಲಿ ಬಸ್ಸಿಗೆ ಇನ್ನೂ ಹೊತ್ತಿದೆಯೇ ಎಂದು ಗೋಡೆಯ ಗಡಿಯಾರ ನೋಡಿ, ನಿಧಾನವಾಗಿ ಪೂರ್ತಿ ಹೆಸರು ಬರೆದಳು. ತಂಡದ ಪಟ್ಟಿಯಲ್ಲಿ ಬರಬೇಕಿದ್ದ ಹೆಸರು. ನಾನು ಏನಾದರೂ ಹೇಳಬೇಕಲ್ಲ ಎಂದು, “ಮುಂದಿನ ವರ್ಷ ನೋಡೋಣವಂತೆ, ಆಟ ಚೆನ್ನಾಗಿತ್ತು” ಎಂದೆ.

ಆಕೆ ಪೆನ್ನಿನ ಟೊಪ್ಪಿಗೆ ಹಾಕಿ ನನ್ನ ಮುಂದಿಟ್ಟಳು. ಸಿಟ್ಟಿನಿಂದ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ದೊಡ್ಡವ್ರು ಇಟ್ಟ ಕಾಯಿ ಹಿಂದ ಇಡೂ ಧೈರ್ಯ ನನಗಿತ್ರಿ ಸರ್” ಎಂದಳು. “ನಿಮ್ಮ ಕೈ ನೋಡಿ ಬಿಟ್ನಿ.”

ಆಕೆ ಹೋದ ಮೇಲೆ ಕಾರ್ಯಾಲಯದವರು ಕುರ್ಚಿ ಮಡಿಸತೊಡಗಿದರು. ನನಗೆ ನಾಚಿಕೆಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯ ಕೊರಳಲ್ಲಿ ಗುರುತಿನ ಚೀಟಿ ಬೇರೆ. ಬಸ್ ನಿಲ್ದಾಣ ಹತ್ತು ನಿಮಿಷದ ದಾರಿ. ಓಡಿ ಹೋಗಿ ಕರೆದುಕೊಂಡು ಬಂದು, ನೋಡಿದ್ದೆ ತಾಯಿ, ಸುಳ್ಳು ಹೇಳಿದೆ, ಗೆದ್ದವಳು ನೀನು ಎಂದು ಎಲ್ಲರ ಮುಂದೆ ಹೇಳಬಹುದಿತ್ತು. ಹುಡುಗನ ತಂದೆ ಇನ್ನೂ ಅಂಗಳದಲ್ಲೇ ಇದ್ದರು, ಹಳದಿ ಪುಟವೂ ಅವರ ಕಂಕುಳಲ್ಲೇ ಇತ್ತು. ನಾನು ಏಳಲಿಲ್ಲ. ಪಂದ್ಯದ ವರದಿ ಅವತ್ತೇ ಕಳಿಸಬೇಕು ಎಂಬ ನೆವ ಕೈಯಲ್ಲಿತ್ತು. ಫಾರ್ಮಿನಲ್ಲಿ ಆಟಗಾರರೆಷ್ಟು, ಸುತ್ತುಗಳೆಷ್ಟು, ವಿಜೇತರು ಯಾರು ಎಂದು ಒಂದೊಂದೇ ತುಂಬುತ್ತ ಬಂದೆ. ಕೊನೆಯಲ್ಲಿ ‘ಪಂದ್ಯದಲ್ಲಿ ವಿವಾದಗಳೇನಾದರೂ ಉಂಟಾದವೇ’ ಎಂಬ ಪ್ರಶ್ನೆ ಇತ್ತು. ‘ಇಲ್ಲ’ ಎಂದು ದುಂಡಗೆ ಬರೆದು ಸಹಿ ಹಾಕಿದೆ.