ಫೋನಿನಲ್ಲಿ ಸಿಕ್ಕಿಕೊಂಡ ಜಮಲಿಬಾಯಿ

ಎದುರಿಗೆ ಆಳಿಲ್ಲದೆ ಮಾತಾಡುವುದು ಜಮಲಿಬಾಯಿಗೆ ಆಗುತ್ತಿರಲಿಲ್ಲ. ಹುಣಸಗಿಯ ಬಾಡಿಗೆ ಕೋಣೆಯಲ್ಲಿ ಮೈಕು ಮುಂದಿಟ್ಟ ಮೊದಲ ದಿನವೇ ಎರಡು ಮಾತಿಗೆ ನಿಂತುಬಿಟ್ಟರು. “ಹೂಂ ಅನ್ನೋರು ಯಾರೂ ಇಲ್ಲ. ಗ್ವಾಡಿಗೆ ಏನು ಹೇಳ್ಲಿ?” ಎಂದರು. ಅಂದಿನಿಂದ ಎದುರಿಗೆ ಕೂತು ಹೂಂಗುಟ್ಟುವುದು ನನ್ನ ಕೆಲಸವಾಯಿತು. ಲಂಬಾಣಿ ಮಾತು ನನಗೆ ಒಂದೂ ತಿಳಿಯದು, ಆದರೂ ಹೂಂಗುಟ್ಟುತ್ತಿದ್ದೆ.

ಅವರು ಅಲ್ಲಿಯೇ ಹತ್ತಿರದ ತಾಂಡಾದವರು. ಐವತ್ತು ದಾಟಿತ್ತು, ಕಾಲುವೆ ಬದಿಯ ಹೊಲಗಳಿಗೆ ಭತ್ತ ನಾಟಲು ಕೂಲಿ ಹೋಗುತ್ತಿದ್ದರು. ತಾಂಡಾದ ಹೆಂಗಸರಿಗೆ ಸಂತೆಯ ಕನ್ನಡ ಬರುತ್ತಿತ್ತು, ಕಚೇರಿಯ ಕನ್ನಡ ಬರುತ್ತಿರಲಿಲ್ಲ. ಒಂದು ನಂಬರಿಗೆ ಫೋನು ಹಚ್ಚಿದರೆ ರೇಷನ್, ಪಿಂಚಣಿಯ ಸುದ್ದಿ ಅವರ ಮಾತಿನಲ್ಲೇ ಕೇಳಿಸಬೇಕೆಂಬುದು ನಮ್ಮ ಸಂಸ್ಥೆಯ ಯೋಜನೆ. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಬಂದಿದ್ದ ನನಗೆ ಅದರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ನಾನು ಕನ್ನಡದಲ್ಲಿ ಓದುತ್ತಿದ್ದೆ; ಅಕ್ಷರ ಬಾರದ ಜಮಲಿಬಾಯಿ ಕಣ್ಣು ಮುಚ್ಚಿ ಕೇಳಿ, ಅದನ್ನು ತಮ್ಮ ಮಾತಿಗೆ ತರುತ್ತಿದ್ದರು. ‘ಅರ್ಹ ಫಲಾನುಭವಿಗಳು’ ಎಂದು ಓದಿದ ದಿನ ಬಾಯಿಗೆ ಸೆರಗು ಹಿಡಿದು ನಕ್ಕರು. “ಅಂಥೋರು ನಮ್ಮ ತಾಂಡಾದಾಗ ಯಾರೂ ಇಲ್ರಿ ಸರ. ಪಗಾರ ಬರೋ ಮುದುಕೇರು ಅದಾರ, ಗಂಡ ಸತ್ತೋರು ಅದಾರ.”

ಅವರಿಗೊಂದು ಹಟವಿತ್ತು. ಸುರಪುರದ ಕಚೇರಿಗೆ ಹೋಗಿ ಸ್ವತಃ ಕೇಳಿ ಬರದೆ ಯಾವ ಸುದ್ದಿಯನ್ನೂ ಮೈಕಿಗೆ ಹೇಳುತ್ತಿರಲಿಲ್ಲ. ಕಿಟಕಿಯ ಬಳಿ ನಿಂತು ಗುಮಾಸ್ತನ ಬಾಯಿಂದ ಅದನ್ನೇ ಎರಡು ಸಲ ಹೇಳಿಸುತ್ತಿದ್ದರಂತೆ. ಒಂದು ಸಲ ಮಾತ್ರ ನಾನು ಅವಸರ ಮಾಡಿದೆ. ವಿಧವಾ ವೇತನದ ತಪಾಸಣೆಗೆ ಅಧಿಕಾರಿಗಳು ಮನೆಗೇ ಬರುತ್ತಾರೆ, ಯಾರೂ ಎಲ್ಲಿಗೂ ಹೋಗಬೇಕಿಲ್ಲ ಎಂಬ ಸುದ್ದಿ ಅದು. ನಾನು ಕೇಳಿದ್ದೇನೆ, ನೀವು ಹೇಳಿ ಎಂದೆ. ಕೇಳಿದ್ದೆನೇ? ಕಚೇರಿಗೆ ಫೋನು ಮಾಡಿದ್ದು ಒಮ್ಮೆ ನೆನಪಾಗುತ್ತದೆ. ಇನ್ನೊಮ್ಮೆ, ಮೇಜಿನ ಮೇಲಿದ್ದ ಹಳೆಯ ಸುತ್ತೋಲೆಯನ್ನಷ್ಟೇ ನೋಡಿದ್ದೆ ಅನಿಸುತ್ತದೆ.

ಯಾರೂ ಮನೆಗೆ ಬರಲಿಲ್ಲ. ತಪಾಸಣೆ ಸುರಪುರದಲ್ಲೇ ನಡೆದುಹೋಯಿತು. ಕಾದು ಕೂತ ಹೆಂಗಸರ ಹೆಸರು ಪಟ್ಟಿಯಿಂದ ಹೋಯಿತು. ಅವರಲ್ಲಿ ಜಮಲಿಬಾಯಿಯ ನಾದಿನಿಯೂ ಒಬ್ಬಳು. ಅಷ್ಟರಲ್ಲಿ ನಮ್ಮ ಯೋಜನೆ ಮುಗಿದು ಕೋಣೆ ಖಾಲಿಯಾಗಿತ್ತು. ಆ ನಂಬರಿನ ಲೈನು ಮಾತ್ರ ನಡೆದೇ ಇತ್ತು; ಹಚ್ಚಿದರೆ ಜಮಲಿಬಾಯಿಯ ದನಿಯಲ್ಲಿ ಅದೇ ಸುದ್ದಿ ಕೇಳಿಸುತ್ತಿತ್ತು. ಸುದ್ದಿ ಅಳಿಸುವ ಪಾಸ್‌ವರ್ಡ್ ಗೊತ್ತಿದ್ದವನು ಕೆಲಸ ಬಿಟ್ಟುಹೋಗಿದ್ದ. ಬೇರೆ ಕೆಲಸಕ್ಕೆಂದು ಯಾದಗಿರಿಗೆ ಬಂದಿದ್ದ ನಾನು, ಲೈನು ನಡೆಸುವ ಕಂಪನಿಗೆ ಪತ್ರ ಬರೆದೆ. ದೂರು ದಾಖಲಾಗಿದೆ ಎಂಬ ಉತ್ತರವೇ ಮತ್ತೆ ಮತ್ತೆ ಬಂತು. ಅತ್ತ ತಾಂಡಾದಲ್ಲಿ ಹೆಂಗಸರು ಆ ನಂಬರಿಗೆ ಹಚ್ಚಿ, ಫೋನನ್ನು ಜಮಲಿಬಾಯಿಯ ಕಿವಿಗೇ ಹಿಡಿಯುತ್ತಿದ್ದರು.

ಕೊನೆಗೆ ಅವರೇ ಯಾದಗಿರಿಗೆ ಬಂದರು. ನೀರು ಕೊಟ್ಟರೂ ಕುಡಿಯಲಿಲ್ಲ.

“ನಾ ಹೇಳಿದ್ರ ಯಾರೂ ನಂಬವಲ್ರು ಸರ. ನೀವು ಬಂದು ಹೇಳ್ರಿ. ನಮ್ಮ ಮಾತಿನಾಗ ಹೇಳ್ರಿ, ಸುಳ್ಳು ನಮ್ಮ ಮಾತಿನಾಗ ಹೋಗ್ಯದಲ್ಲ.”

ಬಸ್ಸಿನಲ್ಲಿ ಉದ್ದಕ್ಕೂ ಒಂದೇ ವಾಕ್ಯ ಕಲಿಸಿದರು: ತಪ್ಪು ನನ್ನದು, ಈಕೆಯದಲ್ಲ. ನಾನು ತಡವರಿಸಿದಾಗಲೆಲ್ಲ ಬೈದರು. “ಇಷ್ಟ್ ವರ್ಷ ಸಾಲಿ ಕಲ್ತೀರಿ, ಒಂದು ಮಾತು ಬರವಲ್ದು.” ಶಹಾಪುರ ದಾಟುವ ಹೊತ್ತಿಗೆ ನಾಲಗೆ ಹೊರಳಿತು.

ತಾಂಡಾದ ನಾಯಕನ ಮನೆಯ ಮುಂದೆ ಹೆಂಗಸರೆಲ್ಲ ಕೂತಿದ್ದರು. ನಾನು ಆ ವಾಕ್ಯ ಹೇಳಿದೆ; ಸರಿಯಾಗಿಯೇ ಹೇಳಿದೆ ಎಂದುಕೊಂಡಿದ್ದೇನೆ. ಆಮೇಲೆ ನಾದಿನಿ, ನನ್ನತ್ತ ನೋಡದೆ, ಜಮಲಿಬಾಯಿಯನ್ನು ಏನೋ ಕೇಳಿದಳು. ಏನಂತೆ ಎಂದೆ.

“ನಮ್ಮ ಮಾತು ಇವರಿಗೆ ಯಾರು ಕಲಿಸ್ಯಾರ ಅಂತ ಕೇಳಾಕತ್ಯಾಳ.”

ಬೇರೆ ಯಾರದಾದರೂ ಹೆಸರು ಹೇಳಬಹುದಿತ್ತು. ಜಮಲಿಬಾಯಿ ತಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದರು. ಹಾಗಾದರೆ ಇದೂ ಆಕೆಯೇ ಹೇಳಿಸಿದ್ದು ಎಂಬಂತೆ ನಾದಿನಿ ಎದ್ದಳು, ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನಾನು ಜಮಲಿಬಾಯಿಯನ್ನು ಕೊನೆಯ ಸಲ ಕಂಡದ್ದು ಹಾಗೆ: ಖಾಲಿಯಾದ ಅಂಗಳದಲ್ಲಿ ನಿಂತು, ಸುರಪುರದ ಬಸ್ಸು ಬರುವ ಹೊತ್ತಾಯಿತು, ನೀವು ಹೊರಡಿ ಎನ್ನುತ್ತಿದ್ದರು.